‘ಇಲ್ಲಿ ಬಾ’ ಎಂದರೆ ಓಡಿದ ಗಂಡ

ಕನ್ನಡದ ಹೆಂಡತಿ, ಮರಾಠಿ ಗಂಡ. ಆಕೆ ‘ಇಲ್ಲಿ ಬಾ’ ಎಂದು ಕರೆದರೆ ಈತ ಇನ್ನೇನೋ ತಿಳಿದು ಓಟ ಕೀಳುತ್ತಾನೆ! 17ನೇ ಶತಮಾನದ ಸಂತ ತುಕಾರಾಮರ ಅಭಂಗವೊಂದರಲ್ಲಿ ಬರುವ ಪ್ರಸಂಗವಿದು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಕಡೆ ಇದನ್ನು ಹೇಳಿದರೆ ನಗದವರು ಕಡಿಮೆ. ಎರಡೂ ಭಾಷೆ ಬಲ್ಲವರಿಗೆ ಇಬ್ಬರ ಪೇಚೂ ತಿಳಿಯುತ್ತದೆ. ಮರಾಠಿಯಲ್ಲಿ ‘ಕಾನಡಿ’ ಎಂದರೆ ಅರ್ಥವಾಗದ ಮಾತು ಎಂಬ ಧ್ವನಿ ಹಳೆಯದು. ಅವರ ‘ತೂಪ’ ಮಾತ್ರ ನಮ್ಮ ತುಪ್ಪವೇ!

ಎಲ್ಲ ಗೇಲಿಯೂ ಹೀಗೆ ಮುಗಿಯುವುದಿಲ್ಲ. ದಕ್ಷಿಣದವರ ಮಾತನ್ನು ಅಣಕಿಸುವ ‘ಯಂಡುಗುಂಡು’ ಎಂಬ ಪದ ಮುಂಬಯಿಯಲ್ಲಿ ಬಳಕೆಯಲ್ಲಿತ್ತು. 1960ರಲ್ಲಿ ಆರಂಭವಾದ ‘ಮಾರ್ಮಿಕ್’ ವಾರಪತ್ರಿಕೆ ಅವರನ್ನು ಲೇವಡಿ ಮಾಡಿತು. 1966ರಲ್ಲಿ ಶಿವಸೇನೆ ಹುಟ್ಟಿದ ಮೇಲೆ ಉಡುಪಿ ಹೋಟೆಲುಗಳೇ ದಾಳಿಗೆ ಗುರಿಯಾದವು. ಅನ್ನಕ್ಕೆ ಕುತ್ತು ಬಂದಾಗ ನಗುವವರಾರು?

ಗಡಿಯವರಿಗೆ ನಮ್ಮವರ ಚುಚ್ಚೂ ಉಂಟು. ‘ಸರಿ’ ಎನ್ನುವಲ್ಲಿ ‘ಬರೋಬ್ಬರಿ’ ಎಂದರೆ ಸಾಕು, ‘ನೀವು ಮರಾಠಿಯವರಾ?’ ಎಂದು ಬೆಂಗಳೂರಿನಲ್ಲಿ ಕೇಳುತ್ತಾರೆ. 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದ, 2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿಗೆ ಒಯ್ದ ಗಡಿ ತಕರಾರಿನ ನಡುವೆ ಬದುಕುವ ಈ ಸೀಮೆಯವರಿಗೆ ಆ ಪ್ರಶ್ನೆ ತಮಾಷೆಯಾಗಿ ಕೇಳಿಸುವುದಿಲ್ಲ.