ಬಣ್ಣ ಅಳಿಸಿ ಹೂವಿಗೆ ಚೆಲುವು ತರುವ ಕಿರು ಆರ್‌ಎನ್‌ಎ

ಚಳಿಗಾಲದಲ್ಲಿ ನರ್ಸರಿಗಳಿಗೆ ಬರುವ ಪೆಟುನಿಯಾಗಳಲ್ಲಿ ನಕ್ಷತ್ರದ ತಳಿ ಎಂದೊಂದಿದೆ. ಕಡುಗೆಂಪು ಅಥವಾ ನೇರಳೆ ಹೂವಿನ ನಡುವಿನಿಂದ ಅಂಚಿನತ್ತ ಐದು ಬಿಳಿ ಪಟ್ಟೆಗಳು ಚಾಚಿಕೊಂಡಿರುತ್ತವೆ. ಆ ಬಿಳಿ ಭಾಗದಲ್ಲಿ ಬಣ್ಣದ ಜೀನ್ ಇಲ್ಲವೇನೋ ಎಂದು ಯಾರಿಗಾದರೂ ಅನ್ನಿಸುತ್ತದೆ. ನಿಜವೆಂದರೆ ಕೆಂಪು ಭಾಗದಲ್ಲಿರುವ ಜೀನೇ ಬಿಳಿ ಭಾಗದಲ್ಲೂ ಇದೆ, ಕೆಲಸವನ್ನೂ ಶುರು ಮಾಡುತ್ತದೆ. ಆದರೆ ಅದು ಕಳಿಸಿದ ಸಂದೇಶ ಗುರಿ ಮುಟ್ಟುವ ಮೊದಲೇ ತುಂಡಾಗುತ್ತದೆ. ಹಾಗೆ ತುಂಡು ಮಾಡಿಸುವವು ಕಿರು ಆರ್‌ಎನ್‌ಎಗಳು.

ಕೆಂಪು, ನೇರಳೆ, ನೀಲಿ ಹೂಗಳ ಬಣ್ಣ ಬಹುಮಟ್ಟಿಗೆ ಆಂಥೋಸಯಾನಿನ್ ಎಂಬ ವರ್ಣದ್ರವ್ಯದ್ದು. ಅದು ತಯಾರಾಗಲು ಚಾಲ್ಕೋನ್ ಸಿಂಥೇಸ್ ಎಂಬ ಕಿಣ್ವ ಬೇಕೇ ಬೇಕು. ಆ ಕಿಣ್ವವನ್ನು ಹೇಗೆ ಕಟ್ಟಬೇಕು ಎಂಬ ವಿವರವನ್ನು ಜೀನಿನಿಂದ ಸಂದೇಶವಾಹಕ ಆರ್‌ಎನ್‌ಎ ಹೊತ್ತು ತರುತ್ತದೆ. ಸಾಮಾನ್ಯವಾಗಿ ಆರ್‌ಎನ್‌ಎ ಒಂಟಿ ಎಳೆ. ಯಾವುದೋ ಕಾರಣಕ್ಕೆ ಅದೇ ಸಂದೇಶದ ಜೋಡಿ ಎಳೆ ಜೀವಕೋಶದಲ್ಲಿ ಕಾಣಿಸಿಕೊಂಡರೆ ಡೈಸರ್ ಎಂಬ ಕಿಣ್ವ ಅದನ್ನು 21ರಿಂದ 24 ಅಕ್ಷರಗಳಷ್ಟು ಉದ್ದದ ತುಣುಕುಗಳಾಗಿ ಕತ್ತರಿಸುತ್ತದೆ. ಈ ತುಣುಕುಗಳನ್ನು ಆರ್ಗೊನಾಟ್ ಎಂಬ ಪ್ರೋಟೀನು ಹಿಡಿದುಕೊಂಡು, ತನ್ನಲ್ಲಿರುವ ತುಣುಕಿಗೆ ಅಕ್ಷರಕ್ಕೆ ಅಕ್ಷರ ಹೊಂದುವ ಸಂದೇಶ ಎಲ್ಲಿದೆ ಎಂದು ಹುಡುಕುತ್ತದೆ. ಸಿಕ್ಕಿದ್ದನ್ನು ಅಲ್ಲೇ ಕತ್ತರಿಸುತ್ತದೆ. ಕಿಣ್ವ ಹುಟ್ಟುವುದಿಲ್ಲ, ಎಸಳಿಗೆ ಬಣ್ಣ ಬರುವುದಿಲ್ಲ.

ವಿಜ್ಞಾನಕ್ಕೆ ಈ ವಿದ್ಯಮಾನದ ಸುಳಿವು ಕೊಟ್ಟದ್ದೂ ಪೆಟುನಿಯಾವೇ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಕ್ಯಾರೊಲಿನ್ ನೆಪೋಲಿ, ರಿಚರ್ಡ್ ಜೋರ್ಗನ್‌ಸನ್ ಮತ್ತು ಸಂಗಡಿಗರು ಪೆಟುನಿಯಾಕ್ಕೆ ಚಾಲ್ಕೋನ್ ಸಿಂಥೇಸ್ ಜೀನಿನ ಇನ್ನೊಂದು ಪ್ರತಿಯನ್ನು ಸೇರಿಸಿದರು. ಹೂವಿನ ಬಣ್ಣ ಇನ್ನಷ್ಟು ಗಾಢವಾಗುತ್ತದೆ ಎಂಬುದು ಎಣಿಕೆ. ಆದದ್ದು ತದ್ವಿರುದ್ಧ. ಹೊಸ ಜೀನ್ ಪಡೆದ ಗಿಡಗಳಲ್ಲಿ ಶೇ. 42ರಷ್ಟು ಅಚ್ಚಬಿಳಿ ಹೂವನ್ನೋ ಬಿಳಿ ಮಚ್ಚೆ, ಪಟ್ಟೆಗಳ ಹೂವನ್ನೋ ಬಿಟ್ಟವು. ಹೊರಗಿನಿಂದ ಬಂದ ಜೀನ್ ತಾನು ಸುಮ್ಮನಾದದ್ದಲ್ಲದೆ ಗಿಡದ ಸ್ವಂತ ಜೀನನ್ನೂ ಸುಮ್ಮನಾಗಿಸಿತ್ತು. 1990ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. ಅದೇ ವರ್ಷ ನೆದರ್ಲೆಂಡ್ಸ್‌ನ ಇನ್ನೊಂದು ತಂಡವೂ ಪೆಟುನಿಯಾದಲ್ಲಿ ಇಂಥದ್ದನ್ನೇ ಕಂಡು ವರದಿ ಮಾಡಿತು. ಕಾರಣ ಮಾತ್ರ ಯಾರಿಗೂ ಹೊಳೆಯಲಿಲ್ಲ.

ಕಾರಣ ತಿಳಿದದ್ದು ಹುಳುವಿನಿಂದ. ಜೋಡಿ ಎಳೆಯ ಆರ್‌ಎನ್‌ಎ ಜೀನನ್ನು ಮೌನವಾಗಿಸುತ್ತದೆ ಎಂದು ಆಂಡ್ರ್ಯೂ ಫೈರ್ ಮತ್ತು ಕ್ರೇಗ್ ಮೆಲ್ಲೊ 1998ರಲ್ಲಿ ಒಂದು ಪುಟ್ಟ ದುಂಡುಹುಳುವಿನಲ್ಲಿ ತೋರಿಸಿದರು. ಮರುವರ್ಷ ಇಂಗ್ಲೆಂಡಿನ ಆಂಡ್ರ್ಯೂ ಹ್ಯಾಮಿಲ್ಟನ್ ಮತ್ತು ಡೇವಿಡ್ ಬಾಲ್ಕಂಬ್ ಗಿಡಗಳಲ್ಲಿ ಆ ಕಿರು ತುಣುಕುಗಳನ್ನೇ ಪತ್ತೆ ಹಚ್ಚಿದರು. 2006ರ ನೊಬೆಲ್ ಫೈರ್ ಮತ್ತು ಮೆಲ್ಲೊ ಅವರಿಗೆ ಸಂದಿತು. ಅವರ ಅರ್ಹತೆಯ ಬಗ್ಗೆ ಎರಡು ಮಾತಿಲ್ಲ. ಆದರೆ ಹೂವಿನ ಸಂಶೋಧನೆ ಎಂದರೆ ಬರೀ ಅಲಂಕಾರದ ಬಾಬತ್ತು ಎಂದು ಬದಿಗೆ ಸರಿಸುವವರು ಆ ಹುಳುವಿಗಿಂತ ಎಂಟು ವರ್ಷ ಮೊದಲಿನ ಪೆಟುನಿಯಾವನ್ನು ನೆನಪಿಟ್ಟುಕೊಳ್ಳಬೇಕು.

ಹಾಗಾದರೆ ಯಾವ ಜೀನನ್ನೂ ಹೊರಗಿನಿಂದ ಸೇರಿಸದ ನಕ್ಷತ್ರದ ಪೆಟುನಿಯಾ? ಅದರಲ್ಲಿ ಚಾಲ್ಕೋನ್ ಸಿಂಥೇಸ್ ಜೀನಿನ ಎರಡು ಪ್ರತಿಗಳು ಒಂದರ ಪಕ್ಕ ಒಂದು ಕೂತಿವೆ ಎಂದು ಜಪಾನಿನ ಸಂಶೋಧಕರು ಕಂಡುಕೊಂಡರು. ಬಿಳಿ ಪಟ್ಟೆಯಲ್ಲಿ ಕಿರು ಆರ್‌ಎನ್‌ಎ ಹೇರಳ, ಕೆಂಪಿನಲ್ಲಿ ವಿರಳ. ಚೆಂದ ಕಂಡದ್ದನ್ನು ಆರಿಸಿ, ಬೀಜ ಕಟ್ಟಿಸಿ, ಮತ್ತೆ ಆರಿಸುತ್ತ ಬಂದ ತಳಿಗಾರರು ತಮಗರಿವಿಲ್ಲದೆ ಆರಿಸಿದ್ದು ಈ ಮೌನವನ್ನೇ.

ಡೇಲಿಯಾದ ಕಥೆ ಇನ್ನೂ ಸೊಗಸು. ತೋಟದ ಡೇಲಿಯಾದಲ್ಲಿ ವರ್ಣತಂತುಗಳ ಎಂಟು ಗಣಗಳಿವೆ (ಸೆಟ್). ಬಣ್ಣದ ಜೀನಿನ ಒಂದು ಪ್ರತಿ ಕೆಟ್ಟರೆ ಉಳಿದವು ಕೆಲಸ ಸಾಗಿಸುತ್ತವೆ, ಹಾಗಾಗಿ ಅಚ್ಚಬಿಳಿ ಡೇಲಿಯಾ ಸುಲಭವಾಗಿ ಹುಟ್ಟಬಾರದು. ಆದರೂ ಹುಟ್ಟಿದೆ. ಅಂಥ ಹೂವನ್ನು ಪರೀಕ್ಷಿಸಿದಾಗ ಕಂಡದ್ದು ಕಿರು ಆರ್‌ಎನ್‌ಎಯ ಕೈವಾಡ. ಅಕ್ಷರ ಹೊಂದಿದರೆ ಸಾಕು, ಅದು ಎಲ್ಲ ಪ್ರತಿಗಳ ಸಂದೇಶವನ್ನೂ ಒಟ್ಟಿಗೇ ಕತ್ತರಿಸಬಲ್ಲದು. ಕಪ್ಪು ಡೇಲಿಯಾದಲ್ಲಿ ಅದೇ ಉಪಾಯ ಬೇರೆ ಜಾಗದಲ್ಲಿ ಕೆಲಸ ಮಾಡಿದೆ. ಅಲ್ಲಿ ಮೌನವಾಗಿರುವುದು ಫ್ಲೇವೋನ್ ಎಂಬ ತಿಳಿ ದ್ರವ್ಯ ತಯಾರಿಸುವ ಜೀನ್. ಫ್ಲೇವೋನಿಗೆ ಹೋಗಬೇಕಿದ್ದ ಕಚ್ಚಾವಸ್ತು ಆಂಥೋಸಯಾನಿನ್ ಕಡೆಗೆ ಹರಿದು ಹೂವು ಕಪ್ಪೆನ್ನುವಷ್ಟು ಗಾಢವಾಗುತ್ತದೆ.

ಕಿರು ಆರ್‌ಎನ್‌ಎಯ ಕೈ ಬಣ್ಣದಲ್ಲಷ್ಟೇ ಅಲ್ಲ, ಎಸಳಿನ ಎಣಿಕೆಯಲ್ಲೂ ಇದೆ. ಏಳುಸುತ್ತಿನ ಮಲ್ಲಿಗೆಗೆ ಮನಸೋಲುವ ನಮಗೆ ಎಸಳು ಹೆಚ್ಚಿದಷ್ಟೂ ಹೂವು ಇಷ್ಟ. ಕಾಡು ಗುಲಾಬಿಗೆ ಇರುವುದು ಐದೇ ಎಸಳು. ಹೂವಿನ ನಡುಭಾಗದಲ್ಲಿ ಎಸಳಿನ ಬದಲು ಕೇಸರ ಮೂಡಬೇಕಾದರೆ, ಎಸಳಿನ ಪರ ಇರುವ ಒಂದು ಬಗೆಯ ಜೀನಿನ ಚಟುವಟಿಕೆ ಅಲ್ಲಿ ತಗ್ಗಬೇಕು. ತಗ್ಗಿಸುವುದು ಮೈಕ್ರೋ ಆರ್‌ಎನ್‌ಎ 172 ಎಂಬ ಕಿರು ಆರ್‌ಎನ್‌ಎ. ಇಟಲಿಯ ಸಂಶೋಧಕರು 2020ರಲ್ಲಿ ಕಾರ್ನೇಷನ್, ಪೆಟುನಿಯಾ ಮತ್ತು ರುಗೋಸಾ ಗುಲಾಬಿಯ ಸುತ್ತುಹೂವಿನ, ಅಂದರೆ ಎಸಳು ಹೆಚ್ಚಿದ, ತಳಿಗಳನ್ನು ಹೋಲಿಸಿದರು. ಒಂದಕ್ಕೊಂದು ದೂರದ ಈ ಮೂರು ಗಿಡಗಳಲ್ಲೂ ಮೈಕ್ರೋ ಆರ್‌ಎನ್‌ಎ ಬಂದು ಹೊಂದಿಕೊಳ್ಳಬೇಕಾದ ಜಾಗವೇ ಕೆಟ್ಟಿತ್ತು. ತಡೆ ತಪ್ಪಿದ್ದರಿಂದ ಕೇಸರದ ಜಾಗದಲ್ಲಿ ಎಸಳುಗಳು ಬಂದಿದ್ದವು. ಹೊಗೆಸೊಪ್ಪಿನ ಗಿಡದಲ್ಲಿ ಅದೇ ಜಾಗವನ್ನು ಜೀನ್ ಕತ್ತರಿಯಿಂದ ಕೆಡಿಸಿ ನೋಡಿದಾಗ ಅಲ್ಲೂ ಹೆಚ್ಚುವರಿ ಎಸಳಿನಂಥ ರಚನೆಗಳು ಮೂಡಿದವು.

ಈಗ ಕಿರು ಆರ್‌ಎನ್‌ಎ ತಳಿಗಾರರ ಕೈಯ ಸಲಕರಣೆಯೂ ಹೌದು. ಬಿಳಿ ಸೇವಂತಿಗೆಯ ಎಸಳಿನಲ್ಲಿ ಹಳದಿ ದ್ರವ್ಯ ತಯಾರಾಗುತ್ತದಾದರೂ ಒಂದು ಕಿಣ್ವ ಅದನ್ನು ಒಡೆದುಹಾಕುತ್ತಿರುತ್ತದೆ. ಜಪಾನಿನಲ್ಲಿ 2006ರಲ್ಲಿ ಆ ಕಿಣ್ವದ ಜೀನನ್ನು ಮೌನವಾಗಿಸಿದಾಗ ಬಿಳಿ ಸೇವಂತಿಗೆ ಹಳದಿಯಾಯಿತು. ನೀಲಿ ಗುಲಾಬಿಯ ಪ್ರಯೋಗಗಳಲ್ಲೂ ಗುಲಾಬಿಯ ಸ್ವಂತ ಜೀನೊಂದನ್ನು ಹೀಗೇ ತಡೆದು, ಐರಿಸ್ ಮತ್ತು ಪ್ಯಾನ್ಸಿ ಹೂಗಳ ಜೀನುಗಳಿಗೆ ದಾರಿ ಮಾಡಿಕೊಡಲಾಯಿತು. ಇವೆಲ್ಲ ಕುಲಾಂತರಿ ವಿಧಾನಗಳು, ಕಾನೂನಿನ ತಪಾಸಣೆಗೆ ಒಳಪಟ್ಟವು. ಹಾಗೆಂದು ಈ ಅರಿವಿನ ಪ್ರಯೋಜನ ಪಡೆಯಲು ಕುಲಾಂತರಿಯೊಂದೇ ದಾರಿಯಲ್ಲ. ಸುತ್ತುಹೂವಿಗೆ ಕಾರಣವಾದ ಬದಲಾವಣೆ ಯಾವುದೆಂದು ಗೊತ್ತಿದ್ದರೆ ಎಳೆ ಸಸಿಯ ಎಲೆಯನ್ನು ಪರೀಕ್ಷಿಸಿಯೇ ಬೇಕಾದ್ದನ್ನು ಉಳಿಸಿಕೊಳ್ಳಬಹುದು, ಹೂ ಬಿಡುವವರೆಗೆ ಕಾಯಬೇಕಿಲ್ಲ. ಮಾಮೂಲಿ ಸಂಕರಣ ಮಾಡುವವರಿಗೆ ಇದೇ ದೊಡ್ಡ ಉಳಿತಾಯ.

ಮನೆಯಲ್ಲಿ ಗಿಡ ಬೆಳೆಸುವವರು ತಿಳಿದಿರಬೇಕಾದ ಸಂಗತಿಯೂ ಇದರಲ್ಲಿದೆ. ಗಿಡಗಳಿಗೆ ಕಿರು ಆರ್‌ಎನ್‌ಎ ವೈರಸ್ಸುಗಳ ವಿರುದ್ಧದ ಕಾವಲು ಕೂಡ ಹೌದು. ಆದ್ದರಿಂದ ಎಷ್ಟೋ ವೈರಸ್ಸುಗಳು ಈ ವ್ಯವಸ್ಥೆಯನ್ನೇ ಹತ್ತಿಕ್ಕುವ ಪ್ರೋಟೀನುಗಳೊಂದಿಗೆ ಬರುತ್ತವೆ. ಅಂಥ ಸೋಂಕು ತಗುಲಿದರೆ ನಕ್ಷತ್ರದ ಪೆಟುನಿಯಾದ ಬಿಳಿ ಭಾಗಕ್ಕೆ ಬಣ್ಣ ಮರಳಬಹುದು, ಕಪ್ಪು ಡೇಲಿಯಾ ಪೇಲವವಾಗಬಹುದು. ಹವಾಮಾನದಿಂದಲೂ ಪಟ್ಟೆ ಹಿಗ್ಗಿ ಕುಗ್ಗುವುದುಂಟು, ಹಾಗಾಗಿ ಹೂವೊಂದನ್ನೇ ನೋಡಿ ಗಾಬರಿಯಾಗಬೇಡಿ, ಎಲೆ ನೋಡಿ. ಹೂವಿನ ಬಣ್ಣ ಕದಡಿದ್ದು ಎಲೆಯಲ್ಲೂ ಹಸಿರು-ಹಳದಿ ಚಿತ್ತಾರ, ಮುರುಟು ಕಂಡರೆ ಅದು ಹೊಸ ತಳಿಯೆಂದು ಕಡ್ಡಿ ಕತ್ತರಿಸಿ ನೆಡಲು ಹೋಗಬೇಡಿ. ಆ ಗಿಡವನ್ನು ಕಿತ್ತು ಉಳಿದವುಗಳಿಂದ ದೂರ ಹಾಕಿ, ಕತ್ತರಿಯನ್ನು ತೊಳೆದ ಮೇಲೆಯೇ ಬೇರೆ ಗಿಡ ಮುಟ್ಟಿ.