ಹಳೆಯ ಸರ್ವರ್‌ನಿಂದ ಕ್ಲೌಡ್‌ಗೆ: ಏಳು ವರ್ಷ ಹಿಡಿದ ಸ್ಥಳಾಂತರ

2008ರ ಆಗಸ್ಟ್‌ನಲ್ಲಿ ಅಮೆರಿಕದ ನೆಟ್‌ಫ್ಲಿಕ್ಸ್ ಕಂಪನಿಯ ಡೇಟಾಬೇಸ್ ಕೆಟ್ಟು ಕೂತಿತು. ಆ ದಿನಗಳಲ್ಲಿ ಅದರ ಮುಖ್ಯ ಕಸುಬು ಸಿನಿಮಾ ಡಿವಿಡಿಗಳನ್ನು ಕೆಂಪು ಲಕೋಟೆಯಲ್ಲಿಟ್ಟು ಅಂಚೆಯಲ್ಲಿ ಗ್ರಾಹಕರ ಮನೆಗೆ ಕಳಿಸುವುದು. ಗೋದಾಮುಗಳಲ್ಲಿ ಡಿಸ್ಕ್‌ಗಳು ಬೇಕಾದಷ್ಟಿದ್ದವು, ಅಂಚೆ ವ್ಯವಸ್ಥೆಯೂ ಸರಿಯಾಗಿತ್ತು. ಆದರೆ ಯಾವ ಡಿಸ್ಕ್ ಯಾರಿಗೆ ಹೋಗಬೇಕೆಂಬ ಲೆಕ್ಕವೇ ಸಿಗದೆ ಮೂರು ದಿನ ರವಾನೆ ನಿಂತುಹೋಯಿತು.

ಆ ಪೆಟ್ಟಿನ ನಂತರ ಕಂಪನಿ ತನ್ನ ಸ್ವಂತ ಡೇಟಾಸೆಂಟರ್ ಬಿಟ್ಟು ಅಮೆಜಾನ್ ವೆಬ್ ಸರ್ವಿಸಸ್‌ನ ಕ್ಲೌಡ್‌ಗೆ ಹೋಗಲು ತೀರ್ಮಾನಿಸಿತು. ಕೊನೆಯ ಭಾಗ ಅಲ್ಲಿಗೆ ತಲುಪಿದ್ದು 2016ರ ಜನವರಿಯಲ್ಲಿ. ನುರಿತ ಎಂಜಿನಿಯರ್‌ಗಳ ದಂಡೇ ಇದ್ದ ಕಂಪನಿಗೂ ಏಳು ವರ್ಷ ಬೇಕಾಯಿತು. ‘ಕ್ಲೌಡ್‌ಗೆ ಹೋಗಿಬಿಡೋಣ’ ಎಂದು ಸಲೀಸಾಗಿ ಹೇಳುವವರು ಈ ಏಳು ವರ್ಷಗಳ ಕಥೆಯನ್ನು ಒಮ್ಮೆ ಗಮನಿಸಬೇಕು.

ಸರ್ವರ್‌ಗೂ ಮುಪ್ಪು

ಕಚೇರಿಯ ಎಸಿ ಕೋಣೆಯಲ್ಲಿ ಹಗಲಿರುಳು ದುಡಿಯುವ ಸರ್ವರ್ ಸವೆಯದೆ ಇರುವುದಿಲ್ಲ. ಹಾರ್ಡ್ ಡಿಸ್ಕ್‌ನ ತಟ್ಟೆಗಳು ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುತ್ತವೆ. ಫ್ಯಾನಿನ ಬೇರಿಂಗ್ ಸಡಿಲವಾಗುತ್ತದೆ. ಕೆಪಾಸಿಟರ್‌ಗಳು ಬಿಸಿಗೆ ಒಣಗುತ್ತವೆ. ಗೂಗಲ್‌ನ ತಂತ್ರಜ್ಞರು ತಮ್ಮಲ್ಲಿದ್ದ ಲಕ್ಷಕ್ಕೂ ಹೆಚ್ಚು ಡಿಸ್ಕ್‌ಗಳ ದಾಖಲೆ ನೋಡಿ 2007ರಲ್ಲಿ ಒಂದು ವರದಿ ಪ್ರಕಟಿಸಿದರು. ಮೊದಲ ವರ್ಷದಲ್ಲಿ ಕೆಟ್ಟ ಡಿಸ್ಕ್‌ಗಳ ಪ್ರಮಾಣ ಶೇ 1.7ರಷ್ಟಿದ್ದರೆ, ಮೂರು ವರ್ಷ ಹಳೆಯ ಡಿಸ್ಕ್‌ಗಳಲ್ಲಿ ಅದು ಶೇ 8.6 ದಾಟಿತ್ತು.

ಯಂತ್ರ ಗಟ್ಟಿಯಾಗಿದ್ದರೂ ತಂತ್ರಾಂಶಕ್ಕೆ ವಯಸ್ಸಾಗುತ್ತದೆ. ವಿಂಡೋಸ್ ಸರ್ವರ್ 2012ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ 2023ರ ಅಕ್ಟೋಬರ್ 10ಕ್ಕೆ ಮುಗಿಯಿತು. ಆಮೇಲೆ ಅದರಲ್ಲಿ ಹೊಸ ದೋಷ ಪತ್ತೆಯಾದರೂ ಪ್ರತ್ಯೇಕ ಹಣ ಕಟ್ಟದವರಿಗೆ ಪರಿಹಾರ ಸಿಗುವುದಿಲ್ಲ. ಇಂಥ ಯಂತ್ರ ಚೆನ್ನಾಗಿ ಓಡುತ್ತಲೇ ಇರುತ್ತದೆ, ಹಾಗಾಗಿ ಅಪಾಯ ಯಾರ ಕಣ್ಣಿಗೂ ಬೀಳುವುದಿಲ್ಲ.

ಯಂತ್ರದ ಈ ತಲೆನೋವನ್ನು ಬೇರೆಯವರಿಗೆ ಬಿಟ್ಟು ಬಾಡಿಗೆ ಕಟ್ಟುವ ದಾರಿಯೇ ಕ್ಲೌಡ್. ಅಮೆಜಾನ್ 2006ರಲ್ಲಿ ಕಂಪ್ಯೂಟರ್ ಶಕ್ತಿಯನ್ನು ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಕೊಡಲಾರಂಭಿಸಿತು. ಇದರ ಹಿಂದಿರುವ ವರ್ಚುವಲೈಸೇಶನ್ ತಂತ್ರ ಹೊಸದೇನಲ್ಲ. 1960ರ ದಶಕದಲ್ಲೇ ಐಬಿಎಂ ತನ್ನ ಮೇನ್‌ಫ್ರೇಮ್‌ಗಳಲ್ಲಿ ಅದನ್ನು ಮಾಡಿ ತೋರಿಸಿತ್ತು. ನಮ್ಮ ಹಳೆಯ ವಠಾರಗಳನ್ನು ನೆನೆಸಿಕೊಂಡರೆ ಇದು ಸುಲಭವಾಗಿ ಅರ್ಥವಾಗುತ್ತದೆ. ತಳಪಾಯ, ಬಾವಿ, ಅಂಗಳ ಎಲ್ಲರಿಗೂ ಒಂದೇ. ಆದರೆ ಒಂದೊಂದು ಸಂಸಾರಕ್ಕೂ ತನ್ನದೇ ಬಾಗಿಲು, ತನ್ನದೇ ಬೀಗ. ಹೈಪರ್‌ವೈಸರ್ ಎಂಬ ತಂತ್ರಾಂಶ ಒಂದು ದೊಡ್ಡ ಸರ್ವರ್‌ನ ಪ್ರೊಸೆಸರನ್ನೂ ಮೆಮೊರಿಯನ್ನೂ ಹೀಗೆ ಪಾಲು ಮಾಡಿ ಹಲವು ಗ್ರಾಹಕರಿಗೆ ಹಂಚುತ್ತದೆ. ತನಗೊಂದು ಪೂರ್ತಿ ಕಂಪ್ಯೂಟರೇ ಸಿಕ್ಕಿದೆ ಎಂದು ಪ್ರತಿ ಗ್ರಾಹಕನ ತಂತ್ರಾಂಶವೂ ನಂಬಿ ಕೆಲಸ ಮಾಡುತ್ತದೆ.

ಯಂತ್ರ ಸಾಯುತ್ತದೆ ಎಂದೇ ಬರೆದ ತಂತ್ರಾಂಶ

ಹಳೆಯ ಸರ್ವರ್‌ನಲ್ಲಿ ಏನೇನಿದೆಯೋ ಅದನ್ನೆಲ್ಲ ಹಾಗೆಯೇ ನಕಲು ಮಾಡಿ ಕ್ಲೌಡ್‌ನ ವರ್ಚುವಲ್ ಯಂತ್ರಕ್ಕೆ ಹಾಕುವುದು ಸುಲಭದ ದಾರಿ. ಬಹಳಷ್ಟು ಕಂಪನಿಗಳು ಇದನ್ನೇ ಹಿಡಿಯುತ್ತವೆ. ನೆಟ್‌ಫ್ಲಿಕ್ಸ್ ಈ ದಾರಿ ಬೇಡವೆಂದಿತು. ಹಾಗೆ ಮಾಡಿದರೆ ಡೇಟಾಸೆಂಟರ್‌ನಲ್ಲಿದ್ದ ದೌರ್ಬಲ್ಯಗಳೂ ಜೊತೆಗೇ ಬರುತ್ತವೆ ಎಂಬುದು ಅದರ ಎಂಜಿನಿಯರ್‌ಗಳ ವಾದ. ಒಂದೇ ದೊಡ್ಡ ಡೇಟಾಬೇಸ್‌ಗೆ ಎಲ್ಲವನ್ನೂ ಕಟ್ಟಿಹಾಕಿದ್ದೇ 2008ರ ಪೇಚಿಗೆ ಕಾರಣ. ಆ ಡೇಟಾಬೇಸ್ ಯಾರ ಕಟ್ಟಡದಲ್ಲಿದ್ದರೂ ಅಪಾಯ ಅಷ್ಟೇ.

ಹೀಗಾಗಿ ಅವರು ಒಂದೇ ಮುದ್ದೆಯಂತಿದ್ದ ತಂತ್ರಾಂಶವನ್ನು ಒಡೆದು ನೂರಾರು ಚಿಕ್ಕ ಸೇವೆಗಳನ್ನಾಗಿ ಹೊಸದಾಗಿ ಬರೆದರು. ಸಿನಿಮಾ ಶಿಫಾರಸು ಮಾಡುವ ಸೇವೆ ಕೆಟ್ಟರೂ ಸಿನಿಮಾ ಓಡುವುದು ನಿಲ್ಲಬಾರದು ಎಂಬುದು ಗುರಿ. ದತ್ತಾಂಶದ ಪ್ರತಿಗಳನ್ನು ಹಲವು ಯಂತ್ರಗಳಲ್ಲಿ ಹಂಚಿಡುವ ಕಸ್ಸಾಂಡ್ರಾದಂಥ ಡೇಟಾಬೇಸ್‌ಗಳನ್ನು ಬಳಕೆಗೆ ತಂದರು. ಜೊತೆಗೆ ‘ಕೇಯಾಸ್ ಮಂಕಿ’ ಎಂಬ ತಂಟೆಕೋರ ತಂತ್ರಾಂಶವನ್ನೂ ಬರೆದರು. ಕೆಲಸದ ವೇಳೆಯಲ್ಲಿ, ಎಂಜಿನಿಯರ್‌ಗಳು ಎದುರಿಗೇ ಇರುವಾಗ, ಓಡುತ್ತಿರುವ ಯಾವುದೋ ಒಂದು ವರ್ಚುವಲ್ ಯಂತ್ರವನ್ನು ಅದು ಹಠಾತ್ತನೆ ಬಂದ್ ಮಾಡುತ್ತದೆ. ವೀಕ್ಷಕನಿಗೆ ಅದು ಗೊತ್ತೇ ಆಗದಿದ್ದರೆ ವ್ಯವಸ್ಥೆ ಗಟ್ಟಿಯಾಗಿದೆ ಎಂದರ್ಥ.

ಇಷ್ಟಾದರೂ 2012ರ ಡಿಸೆಂಬರ್ 24ರಂದು, ಕ್ರಿಸ್‌ಮಸ್‌ನ ಮುನ್ನಾದಿನ, ಪೆಟ್ಟು ಬಿತ್ತು. ಅಮೆರಿಕದ ಪೂರ್ವ ಭಾಗದ ಕೇಂದ್ರದಲ್ಲಿ, ಬರುವ ಬೇಡಿಕೆಯನ್ನು ಯಂತ್ರಗಳಿಗೆ ಹಂಚುವ ವ್ಯವಸ್ಥೆಯ ಮಾಹಿತಿ ಅಮೆಜಾನ್‌ನವರ ಕೈತಪ್ಪಿನಿಂದ ಅಳಿಸಿಹೋಯಿತು. ಹಬ್ಬಕ್ಕೆಂದು ಟಿವಿ ಮುಂದೆ ಕೂತ ಎಷ್ಟೋ ಮನೆಗಳಲ್ಲಿ ನೆಟ್‌ಫ್ಲಿಕ್ಸ್ ತೆರೆಯಲಿಲ್ಲ. ಇಡೀ ಒಂದು ಪ್ರದೇಶದ ಕೇಂದ್ರಗಳೇ ಕೈಕೊಟ್ಟರೂ ಇನ್ನೊಂದು ಪ್ರದೇಶ ಭಾರ ಹೊರುವಂತೆ ಕಂಪನಿ ಮತ್ತೆ ಎಲ್ಲವನ್ನೂ ಮರುವಿನ್ಯಾಸ ಮಾಡಬೇಕಾಯಿತು.

ಗ್ರಾಹಕರ ಬಿಲ್ಲಿಂಗ್ ವ್ಯವಸ್ಥೆಯನ್ನು ಕೊನೆಗೆ ಉಳಿಸಿಕೊಂಡಿದ್ದರು. ಸಿನಿಮಾ ಎರಡು ನಿಮಿಷ ತಡವಾದರೆ ಜನ ಸಹಿಸಿಯಾರು, ಎರಡು ಸಲ ದುಡ್ಡು ಕಡಿತವಾದರೆ ಸಹಿಸುವುದಿಲ್ಲ. ಅದೂ ಕ್ಲೌಡ್ ಸೇರಿದ ಕೆಲವೇ ದಿನಗಳಲ್ಲಿ, 2016ರ ಜನವರಿ 6ರಂದು, ಭಾರತವೂ ಸೇರಿ 130 ಹೊಸ ದೇಶಗಳಲ್ಲಿ ನೆಟ್‌ಫ್ಲಿಕ್ಸ್ ಸೇವೆ ಒಟ್ಟಿಗೇ ಶುರುವಾಯಿತು. ಅಷ್ಟು ಬೇಗ ಅಷ್ಟು ಹಿಗ್ಗಲು ಅನುಕೂಲವಾದದ್ದು ಬಾಡಿಗೆ ಯಂತ್ರಗಳೇ.

ದತ್ತಾಂಶದ ಭಾರ

ಕಾಗದದ ಮೇಲೆ ಎಲ್ಲ ಸರಿಹೊಂದಿದರೂ ದತ್ತಾಂಶ ಸಾಗಿಸುವುದು ಬೇರೆಯದೇ ತಲೆನೋವು. ಒಂದು ಕಾರ್ಖಾನೆಯ ಬಳಿ 100 ಟೆರಾಬೈಟ್ ದಾಖಲೆಗಳಿವೆ, ಸೆಕೆಂಡಿಗೆ 100 ಮೆಗಾಬಿಟ್ ವೇಗದ ಇಂಟರ್‌ನೆಟ್ ಇದೆ ಎಂದಿಟ್ಟುಕೊಳ್ಳಿ. ಒಂದು ಕ್ಷಣವೂ ಬಿಡುವಿಲ್ಲದೆ ಕಳಿಸಿದರೂ 92 ದಿನಕ್ಕೂ ಹೆಚ್ಚು ಬೇಕು. ಅದಕ್ಕಾಗಿಯೇ ಅಮೆಜಾನ್ 2015ರಲ್ಲಿ ‘ಸ್ನೋಬಾಲ್’ ಎಂಬ ಗಟ್ಟಿಮುಟ್ಟಾದ ಪೆಟ್ಟಿಗೆಯನ್ನು ಗ್ರಾಹಕರಿಗೆ ಪಾರ್ಸೆಲ್ ಮಾಡಲಾರಂಭಿಸಿತು. ದತ್ತಾಂಶ ತುಂಬಿಸಿ ವಾಪಸ್ ಕಳಿಸಿದರೆ ಸಾಕಿತ್ತು.

ಸಾಗಣೆ ನಡೆಯುವಾಗ ವ್ಯಾಪಾರ ನಿಲ್ಲುವಂತಿಲ್ಲವಲ್ಲ? ಮೊದಲು ಪೂರ್ತಿ ನಕಲು ಮಾಡಿ, ಆಮೇಲೆ ಹಳೆಯ ಡೇಟಾಬೇಸ್‌ನಲ್ಲಾಗುವ ಪ್ರತಿ ಬದಲಾವಣೆಯನ್ನೂ ಹೊಸದಕ್ಕೆ ಬೆನ್ನುಬೆನ್ನಿಗೆ ಕಳಿಸುತ್ತಾರೆ. ಎರಡರ ಲೆಕ್ಕವೂ ತಾಳೆಯಾದ ಮೇಲೆ ಗ್ರಾಹಕರನ್ನು ಸ್ವಲ್ಪ ಸ್ವಲ್ಪವಾಗಿ ಹೊಸದರತ್ತ ತಿರುಗಿಸುತ್ತಾರೆ. ಎಡವಟ್ಟಾದರೆ ಹಿಂದಿರುಗಲು ಹಳೆಯದು ಸಿದ್ಧವಿರಬೇಕು. ಇದಕ್ಕೆ ತದ್ವಿರುದ್ಧವಾಗಿ ಬ್ರಿಟನ್ನಿನ ಟಿಎಸ್‌ಬಿ ಬ್ಯಾಂಕ್ 2018ರ ಏಪ್ರಿಲ್‌ನ ಒಂದೇ ವಾರಾಂತ್ಯದಲ್ಲಿ ಸುಮಾರು 52 ಲಕ್ಷ ಗ್ರಾಹಕರ ಖಾತೆಗಳನ್ನು ಹೊಸ ವ್ಯವಸ್ಥೆಗೆ ದಾಟಿಸಲು ಹೋಯಿತು. ಅದು ಸಾರ್ವಜನಿಕ ಕ್ಲೌಡ್‌ಗೆ ಹೋದ ಸ್ಥಳಾಂತರವಲ್ಲ, ಆದರೆ ಪಾಠ ಒಂದೇ. ಲಕ್ಷಾಂತರ ಜನರಿಗೆ ತಮ್ಮ ಖಾತೆಯೇ ತೆರೆಯಲಿಲ್ಲ. 2022ರಲ್ಲಿ ನಿಯಂತ್ರಕರು ವಿಧಿಸಿದ ದಂಡ 4.8 ಕೋಟಿ ಪೌಂಡ್‌ಗೂ ಹೆಚ್ಚು.

ಬಾಡಿಗೆ ಯಾವಾಗಲೂ ಅಗ್ಗವೇ?

ಸಂಜೆ ಹೊತ್ತು ಹತ್ತು ಪಟ್ಟು ಬೇಡಿಕೆ, ನಡುರಾತ್ರಿ ಬಿಕೋ ಎನ್ನುವ ವಹಿವಾಟಾದರೆ ಬಳಸಿದಷ್ಟಕ್ಕೇ ಹಣ ಕೊಡುವ ಕ್ಲೌಡ್ ಲಾಭದಾಯಕ. ವರ್ಷವಿಡೀ ಒಂದೇ ಸಮನೆ ಓಡುವ ದೊಡ್ಡ ಕೆಲಸಕ್ಕೆ ಲೆಕ್ಕ ತಿರುಗಿಬೀಳಬಹುದು. ಕಡತ ಸಂಗ್ರಹದ ಕಂಪನಿ ಡ್ರಾಪ್‌ಬಾಕ್ಸ್ ತನ್ನ ಬಹುಪಾಲು ದತ್ತಾಂಶವನ್ನು ಅಮೆಜಾನ್ ಕ್ಲೌಡ್‌ನಿಂದ ತನ್ನದೇ ಡೇಟಾಸೆಂಟರ್‌ಗಳಿಗೆ ತಂದು, ಎರಡು ವರ್ಷಗಳಲ್ಲಿ 7.46 ಕೋಟಿ ಡಾಲರ್ ವೆಚ್ಚ ತಗ್ಗಿಸಿದ್ದಾಗಿ 2018ರ ತನ್ನ ಷೇರು ಬಿಡುಗಡೆ ದಾಖಲೆಯಲ್ಲಿ ಹೇಳಿಕೊಂಡಿತು. ನೆಟ್‌ಫ್ಲಿಕ್ಸ್ ಕೂಡ ವೀಡಿಯೊಗಳನ್ನು ಮನೆಮನೆಗೆ ತಲುಪಿಸುವ ಕೆಲಸವನ್ನು ಕ್ಲೌಡ್‌ಗೆ ಒಪ್ಪಿಸಿಲ್ಲ. ಇಂಟರ್‌ನೆಟ್ ಕಂಪನಿಗಳ ಕೇಂದ್ರಗಳಲ್ಲಿ ಇರಿಸಿದ ತನ್ನದೇ ಪೆಟ್ಟಿಗೆಗಳಿಂದ ಅದನ್ನು ಮಾಡುತ್ತದೆ.

ಭಾರತದಲ್ಲಿ ಇನ್ನೊಂದು ಪ್ರಶ್ನೆಯೂ ಇದೆ. ಪಾವತಿ ವ್ಯವಸ್ಥೆಯ ದತ್ತಾಂಶ ದೇಶದೊಳಗೇ ಇರಬೇಕೆಂದು ರಿಸರ್ವ್ ಬ್ಯಾಂಕ್ 2018ರ ಏಪ್ರಿಲ್‌ನಲ್ಲಿ ಆದೇಶಿಸಿತು. ಅಮೆಜಾನ್ 2016ರಲ್ಲೇ ಮುಂಬೈಯಲ್ಲಿ ಕೇಂದ್ರ ತೆರೆದಿದ್ದರಿಂದ, ಇಲ್ಲಿಯ ಕಂಪನಿಗಳು ದತ್ತಾಂಶವನ್ನು ಗಡಿ ದಾಟಿಸದೆ ಕ್ಲೌಡ್ ಬಳಸಲು ಸಾಧ್ಯವಿದೆ. ಆದರೆ ಯಾವ ಪ್ರದೇಶವನ್ನು ಆಯ್ದುಕೊಳ್ಳಬೇಕು, ಯಾರಿಗೆ ಯಾವ ಕಡತ ಕಾಣಬೇಕು, ಯಾವ ಬಾಗಿಲು ಮುಚ್ಚಿರಬೇಕು ಎಂದು ತೀರ್ಮಾನಿಸುವ ಹೊಣೆ ಬಾಡಿಗೆದಾರನದೇ. ಯಂತ್ರದ ಉಸ್ತುವಾರಿ ಮಾತ್ರ ಕ್ಲೌಡ್ ಕಂಪನಿಯದು.

ಆ ಉಸ್ತುವಾರಿಯೂ ಎಡವಬಹುದು. 2024ರ ಮೇ ತಿಂಗಳಲ್ಲಿ, ಆರು ಲಕ್ಷಕ್ಕೂ ಹೆಚ್ಚು ಸದಸ್ಯರಿರುವ ಆಸ್ಟ್ರೇಲಿಯಾದ ಪಿಂಚಣಿ ನಿಧಿ ಯೂನಿಸೂಪರ್‌ನ ಕ್ಲೌಡ್ ವ್ಯವಸ್ಥೆ ಗೂಗಲ್ ಕಡೆಯ ಒಂದು ತಪ್ಪು ಸಂಯೋಜನೆಯಿಂದ ಅಳಿಸಿಹೋಯಿತು. ಎರಡು ಕಡೆ ಇಟ್ಟಿದ್ದ ಪ್ರತಿಗಳೂ ಒಟ್ಟಿಗೇ ಹೋದವು. ಚೇತರಿಕೆಗೆ ನೆರವಾದದ್ದು ಬೇರೊಂದು ಕಂಪನಿಯ ಬಳಿ ಇಟ್ಟಿದ್ದ ಬ್ಯಾಕಪ್.

ಆದ್ದರಿಂದ ಹಳೆಯ ಸರ್ವರ್‌ಗೆ ವಿದಾಯ ಹೇಳಲು ಹೊರಟವರು ಕ್ಲೌಡ್ ದರಪಟ್ಟಿ ತರಿಸಿಕೊಳ್ಳುವ ಮುನ್ನ ಒಂದು ಕೆಲಸ ಮಾಡಲಿ. ಈಗಿರುವ ಬ್ಯಾಕಪ್ ಅನ್ನು ಬೇರೊಂದು ಯಂತ್ರಕ್ಕೆ ಹಾಕಿ, ನಿನ್ನೆಯ ಬಿಲ್ಲುಗಳೆಲ್ಲ ಅದರಲ್ಲಿ ಸಿಗುತ್ತವೆಯೇ ಎಂದು ಪರೀಕ್ಷಿಸಲಿ. ಸಿಗದಿದ್ದರೆ ಮೊದಲು ಸರಿಪಡಿಸಬೇಕಾದದ್ದು ಅದನ್ನು. ಆ ದೋಷ ಹಾಗೇ ಉಳಿದರೆ, ಕ್ಲೌಡ್‌ನಲ್ಲಿ ಅದಕ್ಕೂ ತಿಂಗಳು ತಿಂಗಳು ಬಾಡಿಗೆ ಕಟ್ಟಬೇಕಾಗುತ್ತದೆ.