ಅಂಟುಬಿಲ್ಲೆಯ ಹಿಂಬದಿ

ಅಪ್ಪನ ಹೊಟ್ಟೆಯ ಬಲಗಡೆ ಒಂದು ಪುಟ್ಟ ಗುಬುಟು. ತುಟಿಯ ಒಳಗಿನಂತೆ ಕೆಂಪು, ಅಷ್ಟೇ ತೇವ. ಆಪರೇಷನ್ ಮಾಡಿ ಸಣ್ಣಕರುಳಿನ ತುದಿಯನ್ನು ಹೊರಗೆ ತಂದು, ಮಡಚಿ ಹೊಲಿದಿದ್ದಾರೆ. ಇದೇ ಸ್ಟೋಮಾ. ಮೊದಲ ಸಲ ಒರೆಸಿದಾಗ ಎರಡು ಹನಿ ರಕ್ತ ಜಿನುಗಿ ನನ್ನ ಕೈ ನಡುಗಿತು. ಅಪ್ಪನಿಗೆ ಗೊತ್ತೇ ಆಗಲಿಲ್ಲ. ಮುಟ್ಟಿದರೆ ನೋಯುವ ನರಗಳು ಕರುಳಿನ ಒಳಪದರದಲ್ಲಿಲ್ಲ. ಅಷ್ಟು ರಕ್ತ ಸಹಜ. ಆದರೆ ಸ್ಟೋಮಾ ಕಪ್ಪಾದರೆ ಅಥವಾ ನೇರಳೆಗೆ ತಿರುಗಿದರೆ ಕೂಡಲೇ ಡಾಕ್ಟರ ಬಳಿ ಓಡಬೇಕು.

ನೋವೆಲ್ಲ ಸುತ್ತಲ ಚರ್ಮದ್ದು. ಸಣ್ಣಕರುಳಿನಿಂದ ನೀರಾಗಿ ಬರುವ ಮಲದಲ್ಲಿ ಜೀರ್ಣಕಿಣ್ವಗಳು ಇನ್ನೂ ಚುರುಕಾಗಿರುತ್ತವೆ. ಬೇಳೆಯ ಪ್ರೋಟೀನನ್ನು ಒಡೆಯುವ ಕಿಣ್ವ ಚರ್ಮವನ್ನೂ ಬಿಡುವುದಿಲ್ಲ. ಹಾಗಾಗಿ ನನ್ನ ಮಟ್ಟಿಗೆ ಇಲ್ಲಿ ನಿಜವಾದ ಯಂತ್ರ ಮಲ ತುಂಬುವ ಚೀಲವಲ್ಲ, ಅದನ್ನು ಚರ್ಮಕ್ಕೆ ಹಿಡಿದಿರುವ ಅಂಟುಬಿಲ್ಲೆ.

ಅಂಟಿಸುವ ಚೀಲದ ಯೋಚನೆ 1954ರದ್ದು. ಆಪರೇಷನ್ ಆದ ಮೇಲೆ ಸೋರಿಕೆಗೆ ಹೆದರಿ ಮನೆಯಲ್ಲೇ ಉಳಿದ ತಂಗಿಗಾಗಿ ಡೆನ್ಮಾರ್ಕಿನ ನರ್ಸ್ ಎಲೀಸೆ ಸೋರೆನ್ಸನ್ ಅದನ್ನು ಕಲ್ಪಿಸಿಕೊಂಡರು. ಅದೇ ದಶಕದಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನ ಸರ್ಜನ್ ರೂಪರ್ಟ್ ಟರ್ನ್‌ಬುಲ್ ಚರ್ಮದ ರಕ್ಷಣೆಗೆ ಕರಾಯ ಗೋಂದನ್ನು ಬಳಸಿದರು. ನಮ್ಮ ದೇಶದ ಒಣಕಾಡುಗಳ ಮರದಿಂದ ಒಸರುವ ಅದೇ ಗೋಂದು! ಈಗಿನ ಬಿಲ್ಲೆಗಳಲ್ಲಿ ಪೆಕ್ಟಿನ್, ಜೆಲಾಟಿನ್‌ನಂಥ ಪದಾರ್ಥಗಳಿರುತ್ತವೆ. ಅವು ಬೆವರನ್ನು ಹೀರಿ ಉಬ್ಬುತ್ತವೆ, ಆದರೂ ಹಿಡಿತ ಬಿಡುವುದಿಲ್ಲ.

ಚೀಲ ಮೂರನೇ ಒಂದು ಭಾಗ ತುಂಬುತ್ತಲೇ ಖಾಲಿ ಮಾಡುತ್ತೇವೆ. ಭಾರಕ್ಕೆ ಬಿಲ್ಲೆ ಜಗ್ಗಬಾರದು. ಬಿಲ್ಲೆ ಬದಲಿಸುವುದು ಮೂರು ದಿನಕ್ಕೊಮ್ಮೆ, ಬೆಳಗ್ಗೆ ಕಾಫಿಗೂ ಮೊದಲು, ಕರುಳು ಸುಮ್ಮನಿರುವಾಗ. ಬಿಲ್ಲೆಯನ್ನು ಎಳೆಯಬಾರದು, ಚರ್ಮವನ್ನು ಕೆಳಗೊತ್ತುತ್ತ ಮೆಲ್ಲಗೆ ಬಿಡಿಸಬೇಕು. ಉಗುರುಬೆಚ್ಚಗಿನ ನೀರು, ಮೆತ್ತನೆಯ ಬಟ್ಟೆ, ಅಷ್ಟೇ ಸಾಕು. ಕೆಂಪಾದ ಚರ್ಮ ಕಂಡರೆ ಅಮ್ಮನ ಕೈ ಕೊಬ್ಬರಿ ಎಣ್ಣೆಯ ಕಡೆ ಹೋಗುತ್ತಿತ್ತು. ಆದರೆ ಎಣ್ಣೆ ತಗುಲಿದಲ್ಲಿ ಅಂಟು ಕೂರುವುದಿಲ್ಲ. ಬಿಲ್ಲೆಯ ತೂತು ಸ್ಟೋಮಾಕ್ಕಿಂತ ಎರಡು-ಮೂರು ಮಿಲಿಮೀಟರ್ ಅಗಲವಿದ್ದರೆ ಸರಿ. ಮೊದಲ ಆರೆಂಟು ವಾರ ಸ್ಟೋಮಾ ಕುಗ್ಗುತ್ತಲೇ ಇರುವುದರಿಂದ ಪ್ರತಿ ಸಲ ಅಳೆದೇ ಕತ್ತರಿಸಬೇಕು. ಅಂಟಿಸಿದ ಮೇಲೆ ಅಂಗೈಯಿಂದ ಒತ್ತಿ ಹಿಡಿದರೆ ಮೈಯ ಕಾವಿಗೆ ಅಂಟು ಮೆದುವಾಗಿ ಚರ್ಮದ ಗೆರೆಗೆರೆಗೂ ಇಳಿಯುತ್ತದೆ.

ಬಿಡಿಸಿದ ಬಿಲ್ಲೆಯನ್ನು ಎಸೆಯುವ ಮುನ್ನ ತಿರುಗಿಸಿ ನೋಡುವುದನ್ನು ಆಸ್ಪತ್ರೆಯಲ್ಲಿ ಯಾರೂ ಹೇಳಿಕೊಡಲಿಲ್ಲ. ಅಪ್ಪನ ಬಿಲ್ಲೆಯಲ್ಲಿ ತೂತಿನ ಹೊಕ್ಕುಳ ಕಡೆಯ ಅಂಚು ಮಾತ್ರ ಬೆಳ್ಳಗೆ ಉಬ್ಬಿ ಕರಗಿರುತ್ತಿತ್ತು, ಅಂದರೆ ಸೋರಿಕೆ ಅಲ್ಲೇ. ಅವರನ್ನು ಕುರ್ಚಿಯಲ್ಲಿ ಕೂರಿಸಿ ನೋಡಿದೆ: ಮಲಗಿದ್ದಾಗ ಕಾಣದ ಒಂದು ಮಡಿಕೆ ಸರಿಯಾಗಿ ಅಲ್ಲೇ ಬೀಳುತ್ತಿತ್ತು. ಅಲ್ಲಿಗೆ ಒಂದೆಳೆ ಸ್ಟೋಮಾ ಪೇಸ್ಟ್ ತುಂಬಿದೆ. ಮುಂದಿನ ಸಲ ಬಿಡಿಸಿದಾಗ ತೂತಿನ ಸುತ್ತಲ ಬಿಳಿ ಉಂಗುರ ಎಲ್ಲೆಡೆ ಒಂದೇ ಅಗಲಕ್ಕಿತ್ತು, ಅಡಿಯ ಚರ್ಮ ಒಣಗಿತ್ತು.